ದೋಣಿ ಹೊತ್ತ ಹೆಗಲುಗಳಿಗೆ

ಗಾಣಗಾಪುರದ ಸಂಗಮದಿಂದ ಸನ್ನತಿಯವರೆಗೆ ಭೀಮೆಯ ಮೇಲೆ ದೋಣಿಯಲ್ಲಿ ಹೋಗಿ ಬಂದೆವು. ಆರು ದಿನ ಹಿಡಿಯಿತು. ನಾನು, ನನ್ನ ತಮ್ಮ, ಜೊತೆಗೆ ಒಬ್ಬರು ಹಿರಿಯ ಅಂಬಿಗರು. ಅರವತ್ತು ತುಂಬಿದ ವರ್ಷ ಇದೊಂದು ಆಗಲೇಬೇಕು ಅಂತ ಹಟ ಹಿಡಿದವನು ನಾನು. ಹಟ ಸಾಗಿಸಿದವರು ದಡದ ಊರಿನ ನೀವು. ನಿಮ್ಮೆಲ್ಲರ ಹೆಸರು ಕೇಳಿಕೊಳ್ಳಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈ ಹುಚ್ಚು ಹತ್ತಿದ್ದು ಕೆನಡಾದಲ್ಲಿ. ಒಟ್ಟಾವಾದಲ್ಲಿರುವ ಮಗಳು ಹೋದ ವರ್ಷ ರಿಡೋ ಕಾಲುವೆಯಲ್ಲಿ ದೋಣಿ ಹತ್ತಿಸಿದಳು. 1832ರಲ್ಲಿ ಶುರುವಾದ ದಾರಿ, ಉದ್ದ 202 ಕಿಲೋಮೀಟರ್. ಹೆಸರಿಗೆ ಕಾಲುವೆ, ಜಾಸ್ತಿ ಭಾಗ ನದಿ ಮತ್ತು ಸರೋವರಗಳೇ. ನೀರಿನ ಮಟ್ಟ ಬದಲಾಗುವಲ್ಲಿ ಲಾಕ್ ಇರುತ್ತದೆ. ಎರಡೂ ತುದಿಗೆ ಕದ ಇರುವ ಕಲ್ಲಿನ ದೊಡ್ಡ ತೊಟ್ಟಿ ಅನ್ನಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಕದ ಮುಚ್ಚಿ ಮೇಲಿನ ನೀರು ಬಿಡುತ್ತಾರೆ. ತೊಟ್ಟಿ ತುಂಬಿದ ಹಾಗೆ ದೋಣಿ ತಾನಾಗಿ ಮೇಲೇಳುತ್ತದೆ. ಬಹಳ ಕಡೆ ಈಗಲೂ ಕೈಯಿಂದ ಹಿಡಿಕೆ ತಿರುಗಿಸಿಯೇ ಕದ ತೆಗೆಯುತ್ತಾರೆ. ಪಾರ್ಲಿಮೆಂಟಿನ ಮಗ್ಗುಲಲ್ಲೇ ಅಂಥ ಎಂಟು ಲಾಕ್ ಮೆಟ್ಟಿಲಿನ ಹಾಗೆ ಸಾಲಾಗಿವೆ. ಅಲ್ಲಿ ನಿಂತು ನಾನು ಭೀಮೆಯ ಲೆಕ್ಕ ಹಾಕುತ್ತಿದ್ದೆ.

ಭೀಮೆಗೆ ಅಡ್ಡ ಕಟ್ಟಿದ ನಮ್ಮ ಬ್ಯಾರೇಜುಗಳಿಗೆ, ಅಂದರೆ ಗೇಟಿರುವ ಒಡ್ಡುಗಳಿಗೆ, ಲಾಕ್ ಎಲ್ಲಿಂದ ಬರಬೇಕು? ಅವನ್ನು ಕಟ್ಟಿದ್ದು ಹೊಲಕ್ಕೆ, ಕುಡಿಯುವ ನೀರಿಗೆ. 2016ರ ಕಾಯ್ದೆಯ 111 ರಾಷ್ಟ್ರೀಯ ಜಲಮಾರ್ಗಗಳಲ್ಲಿ ಭೀಮೆಯ ಹೆಸರೇನೋ ಇದೆ, ದೋಣಿಗೆ ದಾರಿ ಇಲ್ಲ. ಗೇಟ್ ಹಾಕಿದ ಮೇಲೆ ಹಿಂದಿನ ನೀರು ಕೆರೆಯ ಹಾಗೆ ನಿಂತುಬಿಡುತ್ತದೆ. ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದುಹೋಯಿತು. ಗೇಟಿನ ಕೆಳಗೆ ನೋಡಿದರೆ ಮೊಣಕಾಲುದ್ದ ನೀರು, ಬಂಡೆ.

ಮೊದಲ ಬ್ಯಾರೇಜಿನಲ್ಲಿ ಮೂವರೂ ಸೇರಿ ಎತ್ತಿದೆವು. ಫೈಬರ್ ದೋಣಿ ಮಿಸುಕಲಿಲ್ಲ. ಆಗ ತೊಗರಿ ಹೊಲದಿಂದ ಒಂದು ದನಿ ಬಂತು: "ತಡೀರಿ ಕಾಕಾ, ಮೂರು ಮಂದಿಗಿ ಆಗಂಗಿಲ್ಲದು. ಹುಡುಗರ್ನ ಕರೀತೀನಿ." ಎಂಟು ಮಂದಿ ಬಂದಿರಿ. ಟವೆಲ್ ಸಿಂಬಿ ಸುತ್ತಿ ಹೆಗಲಿಗಿಟ್ಟುಕೊಂಡು, ದೋಣಿ ಹೊತ್ತು ಕೆಳಗಿನ ನೀರಿಗೆ ಇಳಿಸಿದಿರಿ. ದುಡ್ಡು ತೆಗೆದಾಗ ಬೈದಿರಿ. ಮುಂದಿನ ಬ್ಯಾರೇಜಿನವರಿಗೆ ಫೋನ್ ಕೂಡ ಮಾಡಿದ್ದಿರಂತೆ, ಅಲ್ಲಿ ನಮಗಿಂತ ಮೊದಲೇ ಜನ ಬಂದು ಕೂತಿದ್ದರು!

ಮೂರನೇ ದಿನ ನೀರೊಳಗಿದ್ದ ಪಂಪ್‌ಸೆಟ್ ಪೈಪಿಗೆ ಬಡಿದು ದೋಣಿಯ ತಳ ಸೀಳಿತು. ತಪ್ಪು ನನ್ನದೇ, ಅಂಬಿಗರು ಎಡಕ್ಕೆ ಅಂದರೆ ನಾನು ಬಲಕ್ಕೆ ಎಳೆದಿದ್ದೆ. ಅವತ್ತು ಎಳ್ಳ ಅಮಾವಾಸ್ಯೆ. ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಎರಚಿ ಪೂಜೆ ಮಾಡಲು, ಹೊಲಕ್ಕೆ ಬಂದಿದ್ದ ಮನೆಯವರು ತೂತು ಮುಚ್ಚುವ ಮೊದಲು ನಮ್ಮನ್ನು ಊಟಕ್ಕೆ ಕೂರಿಸಿದರು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡುಬು. ಯವ್ವಾ, ನಿಮ್ಮ ಆ ಭಜ್ಜಿಯ ರುಚಿ ಇನ್ನೂ ನಾಲಿಗೆ ಮೇಲಿದೆ.

ಹೊನಗುಂಟದಲ್ಲಿ ಕಾಗಿಣಾ ನದಿ ಬಂದು ಸೇರಿದ ಮೇಲೆ ದಾರಿ ಸಲೀಸಾಯಿತು. ಆರನೇ ದಿನ ಸಂಜೆ ಸನ್ನತಿ. ಚಂದ್ರಲಾಂಬೆಗೆ ಕೈಮುಗಿದು, ಮರುದಿನ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಹೋದೆವು. "ರಾಯ ಅಸೋಕೋ" ಅಂತ ಬರಹವಿರುವ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲೇ.

ದೋಣಿ ಈಗ ನಮ್ಮ ಮನೆ ಅಂಗಳದಲ್ಲಿದೆ. ಒಳಗೆ ನಿಮ್ಮ ಎರಡು ಟವೆಲ್ ಉಳಿದಿವೆ, ಒಂದು ಕೆಂಪು, ಒಂದು ಹಸಿರು ಅಂಚಿನದು. ಒಗೆದು ಇಟ್ಟಿದ್ದೇವೆ. ಕಲಬುರಗಿಗೆ ಬಂದಾಗ ಊಟ ಮಾಡಿ ತೆಗೆದುಕೊಂಡು ಹೋಗಿ.