ಮುಖಕ್ಕಿಂತ ಮೊದಲು ಕೈ ನೋಡು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನೀನು ಕಳುಹಿಸಿದ ಲಕೋಟೆ ಸೋಮವಾರ ಕೈಸೇರಿತು. ನಿಮ್ಮೂರಿನ ಗ್ರಂಥಾಲಯದ ಓದುವ ಕೋಣೆಯಲ್ಲಿ ತೂಗುಹಾಕಲು, ತೀರಿಕೊಂಡ ನಿಮ್ಮ ಹಿರಿಯ ಕವಿಯೊಬ್ಬರ ಐದು ಫೋಟೋಗಳಲ್ಲಿ ಒಂದನ್ನು ಆರಿಸಿಕೊಡಬೇಕೆಂದು ಕೇಳಿದ್ದೀಯೆ. ಸಮಿತಿಯವರಲ್ಲಿ ಒಮ್ಮತವಿಲ್ಲ, ಮನೆಯವರಿಗೆ ಸ್ಟುಡಿಯೋ ಫೋಟೋವೇ ಆಗಬೇಕು, ನಿನಗೆ ಮಾತ್ರ ಭಾಷಣದ ಫೋಟೋ ಹಿಡಿಸಿದೆ ಎಂದೂ ಬರೆದಿದ್ದೀಯೆ. ಐದನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ನಾಲ್ಕು ದಿನ ನೋಡಿದೆ. ತೀರ್ಪನ್ನಷ್ಟೇ ಬರೆದು ಕಳುಹಿಸಿದರೆ ನೀನು ಒಪ್ಪುವವನಲ್ಲ. ಆದ್ದರಿಂದ ನಾನು ಹೇಗೆ ನೋಡುತ್ತೇನೆ ಎಂಬುದನ್ನು ಮೊದಲು ಹೇಳುತ್ತೇನೆ.

ಸಾರ್ವಜನಿಕ ಬದುಕಿನಲ್ಲಿರುವವರ ಮುಖ ಪಳಗಿದ ಮುಖ. ಪತ್ರಿಕೆಯ ಫೋಟೋ ವಿಭಾಗದಲ್ಲಿ ಕಳೆದ ಇಪ್ಪತ್ತಾರು ವರ್ಷಗಳಲ್ಲಿ ನಾನು ಕಂಡುಕೊಂಡದ್ದೆಂದರೆ, ನಾವು ಕ್ಯಾಮೆರಾವನ್ನು ಕಣ್ಣಿಗೆ ಏರಿಸುವಷ್ಟರಲ್ಲಿ ಅವರ ಮುಖದ ಮೇಲೆ ಇನ್ನೊಂದು ಮುಖ ಬಂದು ಕುಳಿತಿರುತ್ತದೆ. ಮಂತ್ರಿಯದು ಒಂದು ಬಗೆ, ಮಠಾಧೀಶರದು ಇನ್ನೊಂದು ಬಗೆ, ಸಾಹಿತಿಯದು ಮತ್ತೊಂದು. ಆದರೆ ಕೈಗಳನ್ನು ಹಾಗೆ ಪಳಗಿಸಿಕೊಂಡವರು ತೀರ ಕಡಿಮೆ. ಡಾರ್ಕ್ ರೂಮಿನಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು, ಒದ್ದೆ ಪ್ರಿಂಟನ್ನು ಟ್ರೇಯಿಂದ ಎತ್ತಿ, ಮುಖದ ಮೇಲೆ ತಮ್ಮ ಹೆಬ್ಬೆರಳನ್ನಿಟ್ಟು ಮುಚ್ಚಿ, "ಈಗ ಹೇಳು, ಇದರಲ್ಲಿ ಏನಾದರೂ ಉಳಿಯಿತೋ?" ಎಂದು ಕೇಳುತ್ತಿದ್ದರು. ಏನೂ ಉಳಿಯದಿದ್ದರೆ ಅದು ಗುರುತಿನ ಚೀಟಿಗೆ ಸಾಕು, ಭಾವಚಿತ್ರಕ್ಕೆ ಸಾಲದು ಎಂಬುದು ಅವರ ಲೆಕ್ಕ. ನಾನು ಇಂದಿಗೂ ಅದೇ ಹೆಬ್ಬೆರಳನ್ನು ಬಳಸುತ್ತೇನೆ.

ಎಲ್ಲರೂ ಬಲ್ಲ ಒಂದು ಫೋಟೋವನ್ನು ಈ ಪರೀಕ್ಷೆಗೆ ಒಡ್ಡಿ ನೋಡೋಣ. 1941ರ ಡಿಸೆಂಬರ್ 30ರಂದು ಕೆನಡಾದ ಒಟ್ಟಾವಾದಲ್ಲಿ, ಸಂಸತ್ತಿನಲ್ಲಿ ಭಾಷಣ ಮುಗಿಸಿ ಸಭಾಧ್ಯಕ್ಷರ ಕೊಠಡಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಅವರನ್ನು ಯೂಸುಫ್ ಕಾರ್ಷ್ ಎಂಬ ಛಾಯಾಗ್ರಾಹಕ ದೀಪಗಳನ್ನು ಜೋಡಿಸಿಟ್ಟುಕೊಂಡು ಕಾಯುತ್ತಿದ್ದ. ತುರ್ಕಿಯ ಮಾರ್ದಿನ್‌ನಲ್ಲಿ ಹುಟ್ಟಿ, ಕೆನಡಾಕ್ಕೆ ವಲಸೆ ಬಂದ ಅರ್ಮೇನಿಯನ್ ಆತ. ಫೋಟೋ ತೆಗೆಯುವ ವಿಷಯವನ್ನು ಚರ್ಚಿಲ್‌ಗೆ ಯಾರೂ ಮೊದಲೇ ತಿಳಿಸಿರಲಿಲ್ಲ. ಅವರು ಮುನಿಸಿಕೊಂಡೇ ಒಂದು ಫೋಟೋಗೆ ಮಾತ್ರ ಒಪ್ಪಿದರು, ಬಾಯಲ್ಲಿದ್ದ ಚುರುಟನ್ನು ಮಾತ್ರ ತೆಗೆಯಲಿಲ್ಲ. ಕಾರ್ಷ್ ಬೂದಿಯ ತಟ್ಟೆ ಹಿಡಿದು ಕಾದ. ಪ್ರಯೋಜನವಾಗದಿದ್ದಾಗ ಹತ್ತಿರ ಹೋಗಿ, ಕ್ಷಮೆ ಕೇಳಿ, ಚುರುಟನ್ನು ಅವರ ಬಾಯಿಂದಲೇ ಕಿತ್ತುಕೊಂಡ. ಅವನು ಮರಳಿ ಕ್ಯಾಮೆರಾದ ಬಳಿಗೆ ಬರುವಷ್ಟರಲ್ಲಿ ಆ ಮುಖದಲ್ಲಿ ಅವನನ್ನು ನುಂಗಿಬಿಡುವಂಥ ಸಿಟ್ಟಿತ್ತು, ಮತ್ತು ಅವನು ಆ ಕ್ಷಣವನ್ನೇ ಹಿಡಿದ. ಹಿಟ್ಲರನ ಎದುರು ಬಗ್ಗದೆ ನಿಂತ ಬ್ರಿಟನ್ನಿನ ಮುಖ ಎಂದು ಜಗತ್ತು ಓದಿಕೊಂಡದ್ದು ಈ ಮುಖವನ್ನೇ. 2016ರಿಂದ ಚಲಾವಣೆಗೆ ಬಂದ ಇಂಗ್ಲೆಂಡಿನ ಐದು ಪೌಂಡಿನ ನೋಟಿನ ಮೇಲೂ ಇರುವುದು ಇದೇ.

ಹಾಗಾದರೆ ಚುರುಟು ಕಳೆದುಕೊಂಡ ಸಿಟ್ಟನ್ನು ದೇಶದ ಛಲವೆಂದು ನಂಬಿಸಿದ ಈ ಫೋಟೋ ಒಂದು ಸುಳ್ಳಲ್ಲವೇ ಎಂದು ನೀನು ಕೇಳುವೆ. ಬಹಳ ಕಾಲ ನನ್ನನ್ನೂ ಈ ಪ್ರಶ್ನೆ ಕಾಡಿತ್ತು. ಉತ್ತರ ಹೊಳೆದದ್ದು ಹೆಬ್ಬೆರಳನ್ನು ಇಟ್ಟಾಗಲೇ. ಮುಖವನ್ನು ಮುಚ್ಚಿ ನೋಡು: ಒಂದು ಕೈ ಸೊಂಟದ ಮೇಲೆ ಊರಿದೆ, ಇನ್ನೊಂದು ಕುರ್ಚಿಯ ಬೆನ್ನಿನ ಮೇಲಿದೆ, ಉಬ್ಬಿದ ವೇಸ್ಟ್‌ಕೋಟಿನ ಅಡ್ಡಕ್ಕೆ ಗಡಿಯಾರದ ಸರಪಳಿ ತೂಗಿದೆ. ಜಾಗ ಬಿಟ್ಟುಕೊಡದ ಮನುಷ್ಯ ನಿಲ್ಲುವುದೇ ಹೀಗೆ, ಚುರುಟು ಬಾಯಲ್ಲಿ ಇದ್ದರೂ ಇಲ್ಲದಿದ್ದರೂ. ಕಾರ್ಷ್ ಕಿತ್ತದ್ದು ಅಭ್ಯಾಸದ ಮುಖವನ್ನು ಮಾತ್ರ, ನಿಲುವು ಅವರದೇ ಆಗಿ ಉಳಿಯಿತು. ಅಲ್ಲಿ ಇಬ್ಬರ ಹಟವೂ ಕೆಲಸ ಮಾಡಿದೆ, ಒಬ್ಬರೂ ಪೂರ್ತಿ ಸೋತಿಲ್ಲ. ಗೆದ್ದ ಭಾವಚಿತ್ರ ಎಂದು ನಾನು ಕರೆಯುವುದು ಇದನ್ನು. ಅದೇ ದಿನ, ಸಿಟ್ಟಿಳಿದ ಮೇಲೆ, ಚರ್ಚಿಲ್ ಇನ್ನೊಂದಕ್ಕೂ ಅನುಮತಿ ಕೊಟ್ಟು ನಗುತ್ತಾ ನಿಂತರು. ಆ ಫೋಟೋ ಕೂಡ ಉಳಿದಿದೆ, ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ಎದುರಾಳಿಯಿಲ್ಲ, ಬರೀ ಅತಿಥಿ ಇದ್ದಾನೆ.

(ಒಂದು ತಮಾಷೆಯ ಮಾತು. ಇದೇ ಫೋಟೋದ, ಕಾರ್ಷ್ ಸಹಿಯಿದ್ದ ಪ್ರಿಂಟೊಂದು ಒಟ್ಟಾವಾದ ಹೋಟೆಲೊಂದರ ಗೋಡೆಯಿಂದ ಕಳುವಾಗಿ, ಅದರ ಜಾಗದಲ್ಲಿ ನಕಲು ಪ್ರತಿ ತಿಂಗಳುಗಟ್ಟಲೆ ತೂಗಿತ್ತು. 2022ರ ಆಗಸ್ಟಿನಲ್ಲಿ ಸಿಬ್ಬಂದಿಯೊಬ್ಬರಿಗೆ ಅದರ ಕಟ್ಟು ಬೇರೆಯದೆನಿಸಿದ ಮೇಲೆಯೇ ಗುಟ್ಟು ಹೊರಬಿತ್ತು. ಮೂಲ ಪ್ರಿಂಟು 2024ರಲ್ಲಿ ಇಟಲಿಯಲ್ಲಿ ಸಿಕ್ಕಿತು. ಅಷ್ಟು ದಿನ ಅದರ ಮುಂದೆ ಹಾದುಹೋದವರೆಲ್ಲ ಚರ್ಚಿಲ್ಲರನ್ನು ಕಂಡರು, ಫೋಟೋವನ್ನು ಯಾರೂ ಕಾಣಲಿಲ್ಲ. ಹೆಸರುವಾಸಿ ಮುಖಗಳ ಹಣೆಬರಹವೇ ಇದು.)

ನಮ್ಮದೇ ಮನೆಯ ಉದಾಹರಣೆಗೆ ಬರುತ್ತೇನೆ. ನಿನ್ನ ಜೇಬಿನಿಂದ ಒಂದು ನೋಟು ತೆಗೆ. ಅದರ ಮೇಲೆ ನಗುತ್ತಿರುವ ಗಾಂಧೀಜಿಯ ಮುಖ 1946ರಲ್ಲಿ ದೆಹಲಿಯ ವೈಸರಾಯ್ ಭವನದಲ್ಲಿ ತೆಗೆದ ಫೋಟೋದಿಂದ ಬಂದದ್ದು. ಮೂಲದಲ್ಲಿ ಅವರ ಪಕ್ಕಕ್ಕೆ ಬ್ರಿಟಿಷ್ ಮಂತ್ರಿ ಪೆಥಿಕ್ ಲಾರೆನ್ಸ್ ಇದ್ದಾರೆ. ಅವರನ್ನು ಕತ್ತರಿಸಿ, ಗಾಂಧೀಜಿಯ ಮುಖವನ್ನಷ್ಟೇ ಉಳಿಸಿಕೊಂಡು 1996ರಿಂದ ನೋಟುಗಳ ಮೇಲೆ ಅಚ್ಚು ಹಾಕುತ್ತಾ ಬಂದಿದ್ದಾರೆ. ಕತ್ತರಿಸಿದಾಗ ಕೈಗಳೂ ಹೋದವು, ಆ ನಗು ಯಾರಿಗಾಗಿ ಎಂಬುದೂ ಹೋಯಿತು. ನೋಟಿಗೆ ಅದು ಸರಿಯಾಗಿಯೇ ಇದೆ, ಏಕೆಂದರೆ ನೋಟಿನ ಮೇಲಿನ ಮುಖ ಎಲ್ಲರಿಗೂ ಸಮನಾಗಿ ನಗಬೇಕು.

ಅದೇ 1946ರಲ್ಲಿ ಪುಣೆಯಲ್ಲಿ ಮಾರ್ಗರೇಟ್ ಬೋರ್ಕ್‌ವೈಟ್ ತೆಗೆದ ಫೋಟೋವನ್ನು ಇದರ ಪಕ್ಕಕ್ಕಿಟ್ಟು ನೋಡು. ಅಮೆರಿಕದ ಲೈಫ್ ಪತ್ರಿಕೆಗೆ ಆಕೆ ಕೆಲಸ ಮಾಡುತ್ತಿದ್ದರು. ಚರಕದ ಜೊತೆ ಗಾಂಧೀಜಿಯನ್ನು ಹಿಡಿಯಬೇಕಾದರೆ ಮೊದಲು ನೂಲುವುದನ್ನು ಕಲಿತು ಬಾ ಎಂದು ಅವರ ಕಾರ್ಯದರ್ಶಿ ಪಟ್ಟುಹಿಡಿದರು, ಆಕೆ ಕಲಿತರು. ಅಂದು ಗಾಂಧೀಜಿಯ ಮೌನದ ದಿನವಾದ್ದರಿಂದ ಮಾತನಾಡುವಂತಿರಲಿಲ್ಲ, ಕಣ್ಣಿಗೆ ಹೊಡೆಯುವ ಬೆಳಕು ಅವರಿಗೆ ಆಗದಿದ್ದುದರಿಂದ ಮೂರೇ ಮೂರು ಫ್ಲ್ಯಾಶ್ ಬಲ್ಬುಗಳಿಗೆ ಅನುಮತಿ ಸಿಕ್ಕಿತ್ತು. ಮೊದಲ ಎರಡು ಬಲ್ಬುಗಳು ವ್ಯರ್ಥವಾದವು. ಮೂರನೆಯದು ಕೈಕೊಡಲಿಲ್ಲ.

ಆ ಫೋಟೋದಲ್ಲಿ ಗಾಂಧೀಜಿ ನೂಲುತ್ತಿಲ್ಲ. ಇದನ್ನು ಎಷ್ಟು ಜನ ಗಮನಿಸಿದ್ದಾರೋ! ಚರಕ ಮುಂಭಾಗದಲ್ಲಿ, ಕತ್ತಲ ಆಕೃತಿಯಾಗಿ, ಅರ್ಧ ಜಾಗವನ್ನೇ ಆಕ್ರಮಿಸಿಕೊಂಡು ನಿಂತಿದೆ. ಅದರ ಹಿಂದೆ, ಕಿಟಕಿಯ ಬೆಳಕಿನಲ್ಲಿ, ಬರಿಮೈಯ ಮುದುಕರೊಬ್ಬರು ಚಕ್ಕಳಮಕ್ಕಳ ಹಾಕಿ ಕುಳಿತು ಕಾಗದವೊಂದನ್ನು ಓದುತ್ತಿದ್ದಾರೆ. ಕಣ್ಣು ಕೆಳಗಿದೆ, ಕೈಗಳು ಕಾಗದವನ್ನು ಹಿಡಿದಿವೆ, ಎದುರಿಗೊಬ್ಬಳು ಕ್ಯಾಮೆರಾ ಹಿಡಿದು ನಿಂತಿರುವುದು ಅವರಿಗೆ ಗೊತ್ತಿದ್ದೂ ಲೆಕ್ಕಕ್ಕಿಲ್ಲ. ಆಕೆಗೆ ಬೇಕಿದ್ದ ಚರಕವನ್ನು ಅವರು ಕೊಟ್ಟರು, ನೂಲುವ ನಟನೆಯನ್ನು ಕೊಡಲಿಲ್ಲ. ಆಕೆಯೂ ಕಣ್ಣೆತ್ತಿ ನೋಡಿರೆಂದು ಕಾಡಲಿಲ್ಲ, ಬದಲಿಗೆ ಚರಕವನ್ನೇ ತಂದು ನಮ್ಮ ಮೂಗಿನ ಮುಂದೆ ಇಟ್ಟರು. 1948ರ ಜನವರಿಯಲ್ಲಿ ಗಾಂಧೀಜಿ ಹತರಾದ ಮೇಲೆ ಈ ಫೋಟೋ ಊರೂರಿಗೂ ಮುಟ್ಟಿತು. ಕೆಲಸದ ಮಧ್ಯೆ ಎದ್ದುಹೋದವರ ಫೋಟೋದಂತೆ ಅದು ಆಗ ಕಂಡಿರಬೇಕು.

ಕೈ ಕತ್ತರಿಸಿದ ಫೋಟೋಗಳು ಬಹುದೂರ ಹೋಗುತ್ತವೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ತೆಗೆದುಕೊ: ಪ್ರತಿ ಸೆಪ್ಟೆಂಬರ್ 15ರಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಾರ ಹಾಕಿಸಿಕೊಳ್ಳುವ ಆ ಪೇಟ, ಕೋಟು, ಟೈ ಇರುವ ಎದೆಮಟ್ಟದ ಚಿತ್ರ ನಾಡಿಗೆಲ್ಲ ಗೊತ್ತು. ಆದರೆ ಪೇಟವನ್ನು ಮರೆಮಾಡಿದರೆ ಎಷ್ಟು ಮಂದಿ ಗುರುತಿಸಿಯಾರು? ಚೆ ಗೆವಾರನ ಫೋಟೋವನ್ನು ಆಲ್ಬರ್ಟೋ ಕೋರ್ಡಾ 1960ರ ಮಾರ್ಚ್ 5ರಂದು ಹವಾನಾದ ಶ್ರದ್ಧಾಂಜಲಿ ಸಭೆಯೊಂದರಲ್ಲಿ ತೆಗೆದದ್ದು. ಮೂಲ ಫೋಟೋದ ಒಂದು ಅಂಚಿನಲ್ಲಿ ಇನ್ನೊಬ್ಬನ ಮುಖವೂ ಇನ್ನೊಂದು ಅಂಚಿನಲ್ಲಿ ತಾಳೆಯ ಗರಿಗಳೂ ಇದ್ದವು. ಅವನ್ನು ಕತ್ತರಿಸಿದ ಮೇಲೆ ಅದು ಟೀಶರ್ಟಿಗೂ ಚಹಾದ ಮಗ್ಗಿಗೂ ಹೊಂದಿಕೊಂಡಿತು. ಭಿತ್ತಿಪತ್ರವಾಗಿ ಅದನ್ನು ಮೀರಿಸಿದ್ದು ಇನ್ನೊಂದಿಲ್ಲ. ಆದರೆ ಅಂದು ಸಾವಿನ ಸಭೆಯಲ್ಲಿ ನಿಂತಿದ್ದ ಮನುಷ್ಯ ಅದರೊಳಗಿಂದ ಎಂದೋ ಎದ್ದು ಹೋಗಿದ್ದಾನೆ.

ಛಾಯಾಗ್ರಾಹಕನೇ ಪೂರ್ತಿ ಗೆದ್ದ ಫೋಟೋಗಳ ಬಗ್ಗೆ ನನಗೆ ಅನುಮಾನ ಇನ್ನೂ ಹೆಚ್ಚು. ಯಹೂದಿಯಾಗಿದ್ದ ಆರ್ನಾಲ್ಡ್ ನ್ಯೂಮನ್, ಯುದ್ಧಕಾಲದಲ್ಲಿ ಕೈದಿಗಳನ್ನು ಗುಲಾಮರಂತೆ ದುಡಿಸಿಕೊಂಡ ಜರ್ಮನ್ ಉದ್ಯಮಿ ಆಲ್‌ಫ್ರೀಡ್ ಕ್ರುಪ್‌ನನ್ನು 1963ರಲ್ಲಿ ಅವನ ಕಾರ್ಖಾನೆಯಲ್ಲೇ ಕೂರಿಸಿ, ಎರಡೂ ಬದಿಯಿಂದ ಬೆಳಕು ಬಿಟ್ಟು, ಗಲ್ಲದ ಕೆಳಗೆ ಕೈ ಜೋಡಿಸಿಕೊಂಡು ಮುಂದಕ್ಕೆ ಬಾಗಲು ಹೇಳಿ ತೆಗೆದ ಫೋಟೋದಲ್ಲಿ ಆ ಉದ್ಯಮಿ ದೆವ್ವದಂತೆ ಕಾಣುತ್ತಾನೆ. ನ್ಯಾಯದ ದೃಷ್ಟಿಯಿಂದ ಅವನ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಆದರೂ ಆ ಕೈಗಳನ್ನು ಜೋಡಿಸಿದವನು ನ್ಯೂಮನ್, ಕ್ರುಪ್ ಅಲ್ಲ. ಅದು ನ್ಯಾಯಾಲಯದ ತೀರ್ಪಿನ ಪ್ರತಿಯಂತಿದೆ, ಮತ್ತು ತೀರ್ಪನ್ನು ಎರಡನೆಯ ಸಲ ಓದಬೇಕೆನಿಸುವುದಿಲ್ಲ. ಇಲ್ಲಿ ಹಲವರು ನನ್ನೊಡನೆ ಜಗಳವಾಡುತ್ತಾರೆ, ಆಡಲಿ.

ನನ್ನದೇ ತಪ್ಪೊಂದನ್ನು ಹೇಳದೆ ನಿನ್ನ ಫೋಟೋಗಳಿಗೆ ಬಂದರೆ ಸರಿಯಾಗದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯ ನಾಯಕರ ಫೋಟೋ ಮುಖಪುಟಕ್ಕೆ ಹೋಗುವುದಿತ್ತು. ಅವರ ಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತಿತ್ತು. ಯಾರೂ ಹೇಳದಿದ್ದರೂ ನಾನೇ ಸಣ್ಣ ಕುಂಚ ಹಿಡಿದು, ಕುಳಿತು, ಟಚಿಂಗ್ ಮಾಡಿ ಅದನ್ನು ಅಳಿಸಿಬಿಟ್ಟೆ. ಮರುದಿನ ಅವರು ಫೋನ್ ಮಾಡಿ, ಲಾಠಿ ಏಟಿನ ಆ ಗುರುತು ತಮ್ಮ ಜೀವನದಲ್ಲಿ ತಾವೇ ಸಂಪಾದಿಸಿದ ಒಂದೇ ಆಸ್ತಿಯೆಂದೂ, ಅದನ್ನು ತಮಗೆ ವಾಪಸು ಕೊಡಬೇಕೆಂದೂ ನಗುತ್ತಲೇ ಹೇಳಿದರು. ಅಂದಿನಿಂದ ಟಚಿಂಗ್ ಕುಂಚವನ್ನು ಧೂಳಿನ ಚುಕ್ಕೆಗಳಿಗಷ್ಟೇ ಮುಟ್ಟಿದ್ದೇನೆ.

ಈಗ ನಿಮ್ಮ ಕವಿಗಳು. ಸ್ಟುಡಿಯೋದ ಫೋಟೋದಲ್ಲಿ ಶಾಲಿದೆ, ಹಾರವಿದೆ, ಕವಿಗಳಿಲ್ಲ. ಸನ್ಮಾನದ ಗುಂಪಿನಿಂದ ಕತ್ತರಿಸಿದ ಎರಡು ಫೋಟೋಗಳ ಮಾತೇ ಬೇಡ, ಒಂದರಲ್ಲಿ ಪಕ್ಕದವರ ಭುಜ ಇನ್ನೂ ಉಳಿದಿದೆ. ನಿನಗೆ ಇಷ್ಟವಾದ ಭಾಷಣದ ಫೋಟೋದ ಮುಖದಲ್ಲಿ ಕಳೆಯಿದೆ, ಒಪ್ಪಿದೆ. ಆದರೆ ಎತ್ತಿದ ಆ ತೋರುಬೆರಳನ್ನು ನೋಡು. ಅದು ವೇದಿಕೆಯ ಬೆರಳು, ಯಾವ ಭಾಷಣಕಾರನಿಗೆ ಬೇಕಾದರೂ ಹೊಂದುತ್ತದೆ.

ಐದನೆಯದು, ಜಗಲಿಯ ಮೇಲೆ ಕುರ್ಚಿಯಲ್ಲಿ ಕುಳಿತಿರುವುದು. ಹಿಂದೆ ಗೋಡೆಯ ಕ್ಯಾಲೆಂಡರ್ ಅರ್ಧ ಕಾಣುತ್ತದೆ, ಫೋಕಸ್ ಕೂಡ ಕೂದಲೆಳೆಯಷ್ಟು ಹಿಂದೆ ಹೋಗಿದೆ ಎಂದು ಸಮಿತಿಯವರು ತಳ್ಳಿಹಾಕಿದ್ದಾರೆಂದು ಬರೆದಿದ್ದೀಯೆ. ಎರಡೂ ನಿಜ. ಆದರೆ ಅವರು ಕನ್ನಡಕವನ್ನು ಆಗಷ್ಟೇ ತೆಗೆದಿದ್ದಾರೆ, ಮೂಗಿನ ಎರಡೂ ಬದಿಗೆ ಅದರ ಗುರುತು ಹಾಗೆಯೇ ಇದೆ. ಎಡಗೈಯ ಹೆಬ್ಬೆರಳು ಕನ್ನಡಕದ ಗಾಜನ್ನು ಪಂಚೆಯ ಅಂಚಿನಿಂದ ಒತ್ತಿ ಒರೆಸುತ್ತಿದೆ, ಬಲಗೈಯ ತೋರುಬೆರಳು ಮಡಿಲಿನ ಪುಸ್ತಕದ ಪುಟದೊಳಗೆ ಸಿಕ್ಕಿಕೊಂಡಿದೆ, ಎಲ್ಲಿ ನಿಲ್ಲಿಸಿದರೋ ಅಲ್ಲಿ. ಕಣ್ಣು ನಮ್ಮ ಕಡೆಗೇ ಇದೆ, ಸ್ವಲ್ಪ ಕಿರಿದಾಗಿದೆ, ಕನ್ನಡಕವಿಲ್ಲದೆ ಬಂದವರು ಯಾರೆಂದು ಅವರಿಗೆ ಸರಿಯಾಗಿ ಕಾಣಿಸುತ್ತಿಲ್ಲ. ಬೇಗ ಹೇಳಿ ಹೊರಡಿ, ಓದುವುದಿದೆ ಎನ್ನುವ ಮುಖ ಅದು. ಓದುವ ಕೋಣೆಯ ಗೋಡೆಗೆ ಇದಕ್ಕಿಂತ ತಕ್ಕ ಮುಖವನ್ನು ಎಲ್ಲಿಂದ ತರುತ್ತೀಯೆ?

ಮನೆಯವರಿಗೆ ಬೇಸರವಾಗದಂತೆ ಸ್ಟುಡಿಯೋ ಫೋಟೋವನ್ನು ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಗೆ ಬಳಸಿಕೊಳ್ಳಿ. ಐದನೆಯದರ ನೆಗೆಟಿವ್ ಸಿಗುವುದೇ ಎಂದು ತೆಗೆದವರನ್ನು ವಿಚಾರಿಸು, ಸಿಗದಿದ್ದರೆ ಈ ಪ್ರಿಂಟನ್ನೇ ಸ್ಕ್ಯಾನ್ ಮಾಡಿಸು. ತುಂಬಾ ದೊಡ್ಡದು ಮಾಡಿಸಿದರೆ ಫೋಕಸ್ಸಿನ ದೋಷ ಎದ್ದು ಕಾಣುತ್ತದೆ, ಆದ್ದರಿಂದ ಹನ್ನೆರಡು ಇಂಚಿಗೆ ಹದಿನೈದು ಇಂಚು ಸಾಕು. ಕ್ಯಾಲೆಂಡರನ್ನು ಕತ್ತರಿಸಲು ಸ್ಟುಡಿಯೋದವನು ಖಂಡಿತ ಕೇಳುತ್ತಾನೆ. ಬೇಡವೆನ್ನು, ಅದನ್ನು ತೆಗೆಯಲು ಹೋದರೆ ಪುಸ್ತಕದೊಳಗಿನ ಬೆರಳೂ ಅಂಚಿಗೆ ಸರಿಯುತ್ತದೆ. ಹೊಳಪಿಲ್ಲದ ಗಾಜಿನ ಕಟ್ಟು ಹಾಕಿಸಿ, ಕಿಟಕಿಯ ಎದುರು ಗೋಡೆಯನ್ನು ಬಿಟ್ಟು ಬೇರೆಲ್ಲಿಯಾದರೂ, ಕುಳಿತವರ ಕಣ್ಣಿನ ಮಟ್ಟಕ್ಕೆ ತೂಗುಹಾಕಿ. ಐದೂ ಪ್ರಿಂಟುಗಳನ್ನು ಇದೇ ಲಕೋಟೆಯಲ್ಲಿ, ನಡುವೆ ರಟ್ಟು ಇಟ್ಟು, ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ.

ಇಂತಿ ನಿನ್ನ,
ಹಳೆಯ ಗೆಳೆಯ