ಮೊದಲು ಕಾಲು ನೋಡು, ಆಮೇಲೆ ಕೆಂಪು

ಪುಟ್ಟಿ,

ನೀನು ಫೋಟೊ ಕಳಿಸಿದ ಏರೋಪ್ಲೇನ್ ಚಿಟ್ಟೆ (ಡ್ರ್ಯಾಗನ್‌ಫ್ಲೈ) ಕ್ರಿಮ್ಸನ್ ಮಾರ್ಷ್ ಗ್ಲೈಡರ್ ಇರಬಹುದು. ಆದರೆ ಆ ಒಂದು ಫೋಟೊ ಸಾಲದು. ಕೆರೆ, ಗದ್ದೆ ಕಾಲುವೆಗಳ ಬಳಿ ಕೆಂಪಗೆ ಹಾರಾಡುವವು ಹಲವು ಜಾತಿ. ಅದಕ್ಕೇ ಬಣ್ಣವನ್ನು ಕೊನೆಗಿಟ್ಟುಕೋ.

ಮೊದಲು ಕಾಲು. ಗ್ಲೈಡರ್ ಗಂಡಿನ ಕಾಲು ಕಪ್ಪು. ಅದೇ ನೀರಿನ ಬಳಿ ಸಿಗುವ ರಡ್ಡಿ ಮಾರ್ಷ್ ಸ್ಕಿಮ್ಮರ್‌ನದು ಕೆಂಗಂದು. ಆಮೇಲೆ ಬೆನ್ನು: ಉದರದ, ಅಂದರೆ ಬಾಲದಂತೆ ಕಾಣುವ ಉದ್ದ ಭಾಗದ, ನಡುಗುಂಟ ತೆಳುವಾದ ಕಪ್ಪು ಗೆರೆ ಉದ್ದಕ್ಕೂ ಓಡಿದ್ದರೆ ಅದು ಸ್ಕಿಮ್ಮರ್. ಗ್ಲೈಡರ್‌ನ ರೆಕ್ಕೆಯ ನರಗಳೂ ಕೆಂಪು. ಮೈಕೆಂಪಿನ ಮೇಲೆ ನೇರಳೆ ಛಾಯೆ ಬೇರೆ, ಬೀಟ್‌ರೂಟ್ ಕತ್ತರಿಸಿದ ಹಾಗೆ. ಸ್ಕಿಮ್ಮರ್‌ನದು ನೇರಳೆ ಬೆರೆಯದ ರಕ್ತಗೆಂಪು. ರೆಕ್ಕೆಯ ಬುಡದ ಜೇನುಬಣ್ಣದ ಮಚ್ಚೆಯನ್ನು ನಂಬಬೇಡ, ಎರಡಕ್ಕೂ ಇದೆ. ಇನ್ನು ರೆಕ್ಕೆಯ ಬಹುಭಾಗವೇ ತುಕ್ಕುಗೆಂಪಾಗಿ ತುದಿ ಮಾತ್ರ ಪಾರದರ್ಶಕವಾಗಿದ್ದರೆ ಎರಡೂ ಅಲ್ಲ, ಫಲ್ವಸ್ ಫಾರೆಸ್ಟ್ ಸ್ಕಿಮ್ಮರ್.

ನಿನ್ನ ಫೋಟೊದಲ್ಲಿ ಕೆಟ್ಟಿರುವುದು ಕೆಂಪೇ. ಹಿನ್ನೆಲೆಯ ಕಪ್ಪು ನೀರಿಗೆ ತಕ್ಕಂತೆ ಫೋನು ಬೆಳಕು ಏರಿಸಿಬಿಡುತ್ತದೆ. ಆಗ ಕೆಂಪು ಉಕ್ಕಿ, ನೇರಳೆಯೂ ಗೆರೆಯೂ ಅಳಿಸಿಹೋಗಿ, ಬರೀ ಕೆಂಪು ಪಟ್ಟಿ ಉಳಿಯುತ್ತದೆ. ಹುಳದ ಮೇಲೆ ಬೆರಳೊತ್ತಿ ಫೋಕಸ್ ಹಿಡಿದು, ಬೆಳಕಿನ ಗುರುತನ್ನು ಕೆಳಕ್ಕೆಳೆದು ತೆಗೆ. ಮೂರು ಕೋನ ಬೇಕು: ಮೇಲಿನಿಂದ ಉದರ, ಪಕ್ಕದಿಂದ ಎದೆ ಮತ್ತು ಕಾಲು, ಎದುರಿನಿಂದ ಮುಖ. ಹಾರಿಹೋದರೆ ಬೆನ್ನಟ್ಟಬೇಡ. ಗಂಡು ಸಾಮಾನ್ಯವಾಗಿ ಅದೇ ಕಡ್ಡಿಗೆ ಮರಳುತ್ತದೆ. ತಗ್ಗಿ ನಿಲ್ಲು, ನಿನ್ನ ನೆರಳು ಅದರ ಮೇಲೆ ಬೀಳದಿರಲಿ. ನಡುಮಧ್ಯಾಹ್ನ ಬಾಲವನ್ನು ಸೂರ್ಯನತ್ತ ಎತ್ತಿ ಕೂರುವುದುಂಟು. ಮೈಗೆ ಬೀಳುವ ಬಿಸಿಲು ಕಡಿಮೆಯಾಗಲಿ ಎಂದು ಆ ಭಂಗಿ. ಆಗ ಮೇಲಿನಿಂದ ಬೆನ್ನು ಸರಿಯಾಗಿ ಸಿಗುವುದಿಲ್ಲ, ಬೆಳಗ್ಗೆಯೇ ಹೋಗು.

ಹೆಣ್ಣು ಇಷ್ಟು ಸಲೀಸಲ್ಲ. ಗ್ಲೈಡರ್ ಹೆಣ್ಣಿನ ಎದೆ ಹಸಿರುಮಿಶ್ರಿತ ಕಂದು, ಪಕ್ಕದಲ್ಲಿ ಕಪ್ಪು-ಕಂದು ಪಟ್ಟೆ. ರೆಕ್ಕೆ ಪಾರದರ್ಶಕ, ತುದಿ ಮಾತ್ರ ಕಂದು. ಜೊತೆ ಸೇರಲು, ಮೊಟ್ಟೆಯಿಡಲು ಬಂದಾಗ ಬಿಟ್ಟರೆ ನೀರಿನ ಬಳಿ ಕಡಿಮೆ. ಎಳೆಯ ಗಂಡಿಗೂ ಕೆಂಪು ಬಂದಿರುವುದಿಲ್ಲ, ಹೆಣ್ಣೆಂದೇ ಅನಿಸುತ್ತದೆ. ಅನುಮಾನ ಬಂದರೆ ಉದರದ ಬುಡದ ಅಡಿಭಾಗವನ್ನು ಪಕ್ಕದಿಂದ ತೆಗೆ: ಅಲ್ಲಿ, ಎರಡನೇ ಖಂಡದ ಕೆಳಗೆ, ಉಬ್ಬಿದ್ದರೆ ಗಂಡು. ಹೊಸದಾಗಿ ತೆಗೆದವನ್ನು ಕಳಿಸುವಾಗ ಬಣ್ಣ ತಿದ್ದಬೇಡ, ಮೂಲ ಫೋಟೊವನ್ನೇ ಕಳಿಸು.

ನಿನ್ನ,
ಅಮ್ಮ