ಮುನೆನೊರಿಯ ಆಸೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನೀನು ಬಹುಕಾಲದಿಂದ ಹುಡುಕುತ್ತಿದ್ದ ಜಪಾನಿ ಚಿತ್ರ ‘ಮಕಾಯ್ ತೆನ್ಶೋ’ ಕೊನೆಗೂ ಬ್ಲೂ-ರೇಯಲ್ಲಿ ನನ್ನ ಕೈಸೇರಿದೆ. ಕಿಂಜಿ ಫುಕಾಸಾಕು 1981ರಲ್ಲಿ ತೆಗೆದ ಈ ಚಿತ್ರವನ್ನು ಹಾಸ್ಟೆಲಿನಲ್ಲಿ ಸವೆದ ವಿಎಚ್ಎಸ್ ಟೇಪಿನಲ್ಲಿ ನೋಡಿದಾಗ ನಮಗೆ ಕಂಡದ್ದು ಕಗ್ಗತ್ತಲೆ ಮತ್ತು ಕೆಂಪು ಬಣ್ಣ ಮಾತ್ರ. ಈಗ ಕೊನೆಯ ಕಾಳಗದಲ್ಲಿ, ಉರಿಯುವ ಎದೋ ಕೋಟೆಯೊಳಗೆ, ಕತ್ತಿವೀರ ಜೂಬೆಯ ಪಾತ್ರದ ಸನ್ನಿ ಚಿಬಾನ ಮುಖದ ಮೇಲೆ ಬರೆದ ಬೌದ್ಧ ಸೂತ್ರದ ಅಕ್ಷರಗಳು ಎದ್ದು ಕಾಣುತ್ತವೆ. ಆ ಬೆಂಕಿಯೂ ನಿಜವಾದದ್ದೇ. ಅದರ ಝಳ ನಟರ ಚಲನೆಯಲ್ಲೇ ಗೊತ್ತಾಗುತ್ತದೆ.

ಕಥೆ ನಿನಗೆ ನೆನಪಿರಬಹುದು. ತೆರಿಗೆಯ ಹೊರೆಯಿಂದಲೂ ಕ್ರೈಸ್ತರ ಮೇಲಿನ ದಮನದಿಂದಲೂ ಬೆಂದುಹೋದ ರೈತರು 1637ರಲ್ಲಿ ಶಿಮಾಬಾರಾದಲ್ಲಿ ದಂಗೆ ಎದ್ದರು, ಮರುವರ್ಷ ಹರಾ ಕೋಟೆಯಲ್ಲಿ ಅವರನ್ನು ಕೊಚ್ಚಿಹಾಕಲಾಯಿತು. ಇನ್ನೂ ಹದಿಹರೆಯದಲ್ಲಿದ್ದ ಅವರ ನಾಯಕ ಅಮಾಕುಸಾ ಶಿರೋ ಚಿತ್ರದಲ್ಲಿ ದೇವರನ್ನೇ ತೊರೆದು, ಸೇಡಿಗಾಗಿ ಪ್ರೇತವಾಗಿ ಏಳುತ್ತಾನೆ. ಆ ಪಾತ್ರಕ್ಕೆ ಪಾಪ್ ಗಾಯಕ ಕೆಂಜಿ ಸವಾದನನ್ನು ಆರಿಸಿದ್ದು ಫುಕಾಸಾಕುವಿನ ದೊಡ್ಡ ಜಾಣ್ಮೆಯೆಂದು ನಾನು ಈಗಲೂ ವಾದಿಸುತ್ತೇನೆ. ಶಿರೋ ತನ್ನ ಜೊತೆಗಾರರನ್ನು ಎಬ್ಬಿಸುವುದು ಅವರಲ್ಲಿ ತೀರದೆ ಉಳಿದ ಆಸೆಯನ್ನು ಹಿಡಿದು. ಸಾಮಂತನ ಹೆಂಡತಿ ಗ್ರಾಸಿಯಾಳಿಗೆ ಗಂಡನ ಮೇಲಿನ ದ್ವೇಷ, ಹೆಸರಾಂತ ಕತ್ತಿವೀರ ಮುಸಾಶಿಗೆ ಇನ್ನೊಂದು ಕಾಳಗದ ಹಸಿವು.

ನನ್ನನ್ನು ಕಾಡುತ್ತಿರುವುದು ಯಾಗ್ಯು ಮುನೆನೊರಿ. ಜಪಾನನ್ನು ಆಳುತ್ತಿದ್ದ ಶೋಗನ್ನರಿಗೆ ಕತ್ತಿವಿದ್ಯೆ ಕಲಿಸಿದ ಆ ಗೌರವಸ್ಥ ಮುದುಕ ಸಾವಿನಂಚಿನಲ್ಲಿ ಬಯಸುವುದು ಒಂದನ್ನೇ: ತನ್ನ ಮಗ ಜೂಬೆಯ ಎದುರು ಕತ್ತಿ ಹಿರಿಯಬೇಕು. ಅಂದು ಅದು ನಮಗೆ ಬರೀ ರೋಮಾಂಚಕ ತಿರುವಾಗಿತ್ತು. ಈ ಸಲ ಮುನೆನೊರಿಯ ಪಾತ್ರದ ತೊಮಿಸಬುರೊ ವಕಯಾಮನ ಮುಖ ನೋಡುತ್ತ ನಾನು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದೆ.

ಮಗನ ಮೃದಂಗದ ವಿಷಯ ನಿನಗೆ ಹೆಮ್ಮೆಯಿಂದ ಬರೆಯುತ್ತಲೇ ಬಂದಿದ್ದೇನೆ. ಬರೆಯದೆ ಉಳಿಸಿಕೊಂಡದ್ದು ಇದು: ಮೊನ್ನೆ ಸಂಗೀತ ಕಚೇರಿಯಲ್ಲಿ ಅವನು ಖಂಡಛಾಪು ತಾಳದ ತನಿಯಲ್ಲಿ, ಅಂದರೆ ಮೃದಂಗವೊಂದೇ ನುಡಿಯುವ ಭಾಗದಲ್ಲಿ, ನಾನು ಕಲಿಸಿರದ ಕೋರ್ವೆಯೊಂದನ್ನು, ಆ ಮುಕ್ತಾಯದ ಲೆಕ್ಕಾಚಾರದ ಜೋಡಣೆಯನ್ನು, ನುಡಿಸಿ, ತಾಳದ ಮೊದಲ ಪೆಟ್ಟಾದ ಸಮಕ್ಕೆ ಸರಿಯಾಗಿ ಬಂದು ಕೂತಾಗ, ಸಭೆಯಲ್ಲಿ ತಾಳ ಹಾಕುತ್ತಿದ್ದ ನನ್ನ ಕೈ ಒಂದು ಕ್ಷಣ ಬಿಗಿಯಿತು. ಅವನು ತಪ್ಪಲಿ ಎಂದು ಬಯಸಿದೆನೆಂದಲ್ಲ. ಆದರೆ ಅವನ ಪಕ್ಕದಲ್ಲಿ ಇನ್ನೊಂದು ಮೃದಂಗ ಹಿಡಿದು ಕೂರಬೇಕು, ಅವನ ಸೊಲ್ಲಿಗೆ ಸೊಲ್ಲು ಕೊಟ್ಟು ಅವನನ್ನು ಮೀರಬೇಕು ಎಂಬ ಆಸೆ ಎದ್ದಿತು. ಅದರಲ್ಲಿ ವಾತ್ಸಲ್ಯವೆಷ್ಟು, ಮತ್ಸರವೆಷ್ಟು ಎಂದು ಬೇರ್ಪಡಿಸಲು ನನಗೆ ಆಗುತ್ತಿಲ್ಲ. ಅವನ ತಾಯಿಗೂ ಹೇಳದ ಮಾತಿದು.

ಇಷ್ಟು ಬರೆಯಬೇಕೆಂದು ಕೂತವನಲ್ಲ ನಾನು, ಸಾಕು. ದೀಪಾವಳಿಗೆ ಬಾ, ಇಡೀ ಚಿತ್ರವನ್ನು ಜಪಾನಿ ಧ್ವನಿಯಲ್ಲೇ ನೋಡೋಣ. ಶಿರೋನ ಕಡಿದ ತಲೆ ನಗುವಾಗ ನೀನು ಮತ್ತೆ ವಾರ್ಡನ್ನನ ಹೆಸರು ಹಿಡಿದು ಕೂಗಬೇಕು. ಚಕ್ಕುಲಿಯ ಒಪ್ಪಂದ ಈಗಲೂ ಜಾರಿಯಲ್ಲಿದೆ.

ನಿನ್ನ,
ಕೆಳಮಂಚದವನು